ಹುಲ್ಲುಹಾಸಿನಲ್ಲಿ ಬೂಷ್ಟು, ನಾಯಿಕೊಡೆ: ಕಿತ್ತು ಬಿಡುವುದೇ, ನೀರು ತಿದ್ದುವುದೇ, ಔಷಧ ಹೊಡೆಯುವುದೇ?

ಉತ್ತರೆ ಮಳೆ ಹಿಡಿಯುತ್ತಿದ್ದಂತೆ ನನ್ನ ಮೊಬೈಲಿಗೆ ಒಂದೇ ಬಗೆಯ ಫೋಟೊಗಳು ಬರತೊಡಗುತ್ತವೆ. ಈ ಸಲ ದಾವಣಗೆರೆಯ ವಿದ್ಯಾನಗರದ ಒಂದು ಮನೆಯಂಗಳದಲ್ಲಿ ಹಸಿರು ಹುಲ್ಲಿನ ನಡುವೆ ಬೆಳ್ಳನೆಯ ನಾಯಿಕೊಡೆಗಳ ಸಾಲು. ನಿಟ್ಟುವಳ್ಳಿಯ ಇನ್ನೊಂದು ಮನೆಯಲ್ಲಿ ಊಟದ ತಟ್ಟೆಯಗಲಕ್ಕೆ ಕಂದುಬಣ್ಣಕ್ಕೆ ತಿರುಗಿ ಒಣಗಿದ ಹುಲ್ಲು. ಚಿತ್ರದುರ್ಗದಿಂದ ಒಬ್ಬ ಹಿರಿಯರು ಕಳಿಸಿದ ಚಿತ್ರದಲ್ಲಿ ಎಲೆಗಳ ಮೇಲೆ ಒಲೆಯ ಬೂದಿ ಎರಚಿದಂಥ ಪುಡಿ. ಮೂವರ ಪ್ರಶ್ನೆಯೂ ಒಂದೇ: "ಇದಕ್ಕೆ ಯಾವ ಔಷಧ ಹೊಡೆಯಬೇಕು?" ಮೊದಲನೆಯವರಿಗೆ ಔಷಧವೇ ಬೇಡ ಎಂದೆ. ಎರಡನೆಯವರಿಗೆ ನೀರು ಬಿಡುವ ಹೊತ್ತನ್ನು ಬದಲಿಸಿ ಹತ್ತು ದಿನ ಕಾಯಲು ಹೇಳಿದೆ. ಮೂರನೆಯವರಿಗೆ ಪೈಪು ಹಿಡಿದು ಜೋರಾಗಿ ತೊಳೆದುಬಿಡಿ ಎಂದೆ.

ಮೂವರಿಗೂ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಗೊಬ್ಬರದ ಅಂಗಡಿಯಲ್ಲಿ ಬಾಟಲಿ ಸಿಗುವಾಗ ಸುಮ್ಮನೆ ಕಾಯುವುದು ಕಷ್ಟ ಎಂಬುದು ನನಗೂ ಗೊತ್ತು. ನಮ್ಮ ಮನೆಯ ಮುಂದಿನ ಇಪ್ಪತ್ತು ಅಡಿಗೆ ಹದಿನೈದು ಅಡಿಯ ಹುಲ್ಲಿನ ಮೇಲೆ ನಾನೇ ಎರಡು ಮಳೆಗಾಲ ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕ ಸುರಿದಿದ್ದೇನೆ. ನಾಯಿಕೊಡೆಗಳು ಎರಡೂ ವರ್ಷ ಅದೇ ಜಾಗದಲ್ಲಿ, ಅದೇ ವಾರದಲ್ಲಿ ಮತ್ತೆ ಎದ್ದವು. ಮೂರನೆಯ ವರ್ಷ ಹಾರೆ ಹಿಡಿದು ಅಗೆದಾಗ ಒಂದು ಮೊಳ ಆಳದಲ್ಲಿ ಮನೆ ಕಟ್ಟುವಾಗ ಹೂತು ಹೋಗಿದ್ದ ಸೆಂಟ್ರಿಂಗ್ ಹಲಗೆಯ ತುಂಡುಗಳು ಸಿಕ್ಕವು, ಹತ್ತಿಯಂತೆ ಮೆತ್ತಗಾಗಿದ್ದವು. ಅವುಗಳನ್ನು ತೆಗೆದು ಹೊಸ ಮಣ್ಣು ತುಂಬಿದ ಮೇಲೆ ಆ ಜಾಗದಲ್ಲಿ ಒಂದು ಕೊಡೆಯೂ ಎದ್ದಿಲ್ಲ. ಆ ಎರಡು ವರ್ಷದ ದುಡ್ಡಿಗಿಂತ ನನ್ನನ್ನು ಕಾಡುವುದು, ಔಷಧ ಬಿದ್ದ ಅದೇ ಹುಲ್ಲಿನ ಮೇಲೆ ನಮ್ಮ ಮಕ್ಕಳು ಸಂಜೆ ಬರಿಗಾಲಲ್ಲಿ ಆಡಿದ್ದು.

ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಬೇಕು. ನಮ್ಮದು ಮಲೆನಾಡಲ್ಲ. ದಾವಣಗೆರೆ, ಚಿತ್ರದುರ್ಗಗಳಿಗೆ ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸಿನ ಮಳೆ. ಬೂಷ್ಟಿಗೆ ಎಲೆಯ ಮೇಲೆ ಗಂಟೆಗಟ್ಟಲೆ ನಿಂತ ತೇವ ಬೇಕು. ಬಯಲುಸೀಮೆಯ ಈ ಒಣ ಗಾಳಿಯಲ್ಲಿ ವರ್ಷದ ಬಹುಪಾಲು ದಿನ ಅದು ತಾನಾಗಿ ಸಿಗುವುದಿಲ್ಲ, ನಾವೇ ಒದಗಿಸಬೇಕು. ಹಾಗಾಗಿ ಈ ಊರುಗಳಲ್ಲಿ ಹುಲ್ಲುಹಾಸಿನ ರೋಗವನ್ನು ಬಹುಮಟ್ಟಿಗೆ ತಂದವರೂ ನಾವೇ, ಕಳಿಸಬಲ್ಲವರೂ ನಾವೇ. ಸೆಪ್ಟೆಂಬರ್, ಅಕ್ಟೋಬರಿನ ಮಳೆ ಮತ್ತು ಕಾರ್ತಿಕದ ಇಬ್ಬನಿಯ ದಿನಗಳು ಮಾತ್ರ ನಮ್ಮ ಕೈಮೀರಿದವು.

ಆಯ್ಕೆಗೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಯಾವ ದಾರಿ ಹಿಡಿದರೂ ನಾನು ಅದನ್ನು ಐದು ಮಾತುಗಳಲ್ಲಿ ತೂಗುತ್ತೇನೆ. ಎದ್ದಿರುವುದು ಹುಲ್ಲನ್ನು ತಿನ್ನುವ ಬೂಷ್ಟೇ, ಅಥವಾ ಮಣ್ಣಿನೊಳಗಿನ ಸತ್ತ ಕಟ್ಟಿಗೆಯನ್ನು ತಿಂದು ತಲೆ ಹೊರಹಾಕಿದ್ದೇ? ಆ ಹುಲ್ಲಿನ ಮೇಲೆ ಓಡಾಡುವವರು ಯಾರು, ಮಕ್ಕಳೇ, ನಾಯಿಯೇ, ಕತ್ತರಿಸಿದ ಹುಲ್ಲನ್ನು ಹಸುವಿಗೆ ಒಯ್ಯುವ ನೆರೆಯವರೇ? ಬಗ್ಗಿ, ಅಗೆದು ದುಡಿಯುವ ಮೈಶಕ್ತಿ ಮನೆಯಲ್ಲಿ ಯಾರಿಗಿದೆ, ಇಲ್ಲದಿದ್ದರೆ ಆಳಿಗೆ ಕೊಡುವ ಕೂಲಿ ಎಷ್ಟು? ಫಲ ಕಾಣಲು ಎಷ್ಟು ದಿನ ಕಾಯಬಲ್ಲಿರಿ? ಕೊನೆಯದಾಗಿ, ಈ ವರ್ಷ ಹೋದದ್ದು ಮುಂದಿನ ವರ್ಷ ಮರಳಿ ಬರುತ್ತದೆಯೇ?

ಖರ್ಚನ್ನು ನಾನು ಬೇಕೆಂದೇ ಬೇರೆಯಾಗಿ ಹೇಳಲಿಲ್ಲ. ಮುನ್ನೂರು ಚದರಡಿಯ ಹುಲ್ಲಿಗೆ ಬೇಕಾಗುವ ಯಾವ ಔಷಧವೂ ದುಬಾರಿಯಲ್ಲ. ದುಡ್ಡು ನಿಜವಾಗಿ ಹೋಗುವುದು ಕೂಲಿಗೆ, ಹೊಸ ಹುಲ್ಲಿಗೆ, ಮತ್ತು ತಪ್ಪು ಔಷಧವನ್ನು ಮೂರು ಮೂರು ಸಲ ಕೊಳ್ಳುವುದಕ್ಕೆ.

ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಅದಕ್ಕಾಗಿ ಬೆಳಗಿನ ಜಾವ, ಬಿಸಿಲೇರುವ ಮುಂಚೆ ಹುಲ್ಲಿನ ಹತ್ತಿರ ಕುಳಿತು ನೋಡಬೇಕು. ಮಧ್ಯಾಹ್ನ ನೋಡಿದರೆ ಎಲ್ಲವೂ ಒಣ ಹುಲ್ಲಿನಂತೆಯೇ ಕಾಣುತ್ತದೆ.

ಕೊಡೆಯಾಕಾರದಲ್ಲಿ ಎದ್ದು ನಿಂತಿದ್ದರೆ, ಸುತ್ತಲಿನ ಹುಲ್ಲು ಹಸಿರಾಗಿಯೇ ಇದ್ದರೆ ಅದು ಹುಲ್ಲಿಗೆ ಹಗೆಯಲ್ಲ. ಹೂತ ಕಟ್ಟಿಗೆ, ಕಡಿದ ಮರದ ಬೇರು, ಕಳಿಯದ ಗೊಬ್ಬರ, ಇವು ಅದರ ಆಹಾರ. ಕೊಡೆಗಳು ವರ್ತುಲವಾಗಿ ನಿಂತು ಆ ವರ್ತುಲದ ಅಂಚಿನಲ್ಲಿ ಹುಲ್ಲು ಗಾಢ ಹಸಿರಾಗಿರುವುದೂ ಉಂಟು; ಕೊಳೆಯುವ ವಸ್ತುವಿನಿಂದ ಬಿಡುಗಡೆಯಾದ ಸಾರಜನಕ ಅಲ್ಲಿ ಹುಲ್ಲಿಗೆ ಸಿಗುತ್ತದೆ. ವರ್ತುಲದಲ್ಲಿ ಹುಲ್ಲು ಸಾಯುತ್ತಿದ್ದರೆ ಮಾತ್ರ ಯೋಚಿಸಬೇಕು. ಅಲ್ಲಿ ಬೂಷ್ಟಿನ ಎಳೆಗಳು ಮಣ್ಣನ್ನು ಎಷ್ಟು ದಟ್ಟವಾಗಿ ಹೆಣೆದಿರುತ್ತವೆ ಎಂದರೆ ನೀರು ಒಳಗಿಳಿಯುವುದೇ ಇಲ್ಲ. ಹುಲ್ಲು ಸಾಯುವುದು ಬಾಯಾರಿಕೆಯಿಂದ.

ಬೂದಿ ಎರಚಿದಂತೆ, ಉಗುರಿನಿಂದ ಕೆರೆದರೆ ಉದುರುವ ಪುಡಿಯಿದ್ದು ಒಳಗಿನ ಎಲೆ ಹಸಿರಾಗಿದ್ದರೆ ಅದು ಲೋಳೆಬೂಷ್ಟು. ಹೆಸರಿಗೆ ಬೂಷ್ಟು, ಜಾತಿಯಲ್ಲಿ ಶಿಲೀಂಧ್ರವೇ ಅಲ್ಲ. ಎಲೆಯನ್ನು ಏಣಿ ಮಾಡಿಕೊಂಡು ಹತ್ತಿರುತ್ತದೆ, ಅಷ್ಟೇ. ನೀರಿನ ರಭಸಕ್ಕೆ ಹೋಗುತ್ತದೆ.

ರೂಪಾಯಿ ನಾಣ್ಯದಿಂದ ಅಂಗೈಯಗಲದವರೆಗಿನ ಬಿಳಿಚು ಮಚ್ಚೆಗಳು, ಬೆಳಗ್ಗೆ ಅವುಗಳ ಮೇಲೆ ಜೇಡರ ಬಲೆಯಂಥ ಎಳೆ: ಇದು ಹಸಿದ ಹುಲ್ಲಿನ ರೋಗ, ಸಾರಜನಕ ಕಡಿಮೆಯಾದಾಗ ಬರುತ್ತದೆ. ಒಂದಡಿಯಿಂದ ಒಂದು ಮೀಟರಿನವರೆಗೆ ದುಂಡಗೆ ಹರಡುವ ಕಂದು ಮಚ್ಚೆಯ ಕಥೆ ಇದಕ್ಕೆ ತದ್ವಿರುದ್ಧ, ಅದು ಹೊಟ್ಟೆಬಾಕ ಹುಲ್ಲಿನದು. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವವರಿಗೆ ಇದರ ಮೂಲ ಹೊಸದಲ್ಲ. ಭತ್ತದ ಬುಡದಲ್ಲಿ ಎಲೆಯ ಕವಚವನ್ನು ಒಣಗಿಸುತ್ತಾ ಮೇಲೇರುವ ರೋಗವನ್ನು ತರುವ ರೈಜೋಕ್ಟೋನಿಯ ಸೊಲಾನಿ ಎಂಬ ಶಿಲೀಂಧ್ರವೇ ಹುಲ್ಲುಹಾಸಿನಲ್ಲಿಯೂ ಕಂದು ಮಚ್ಚೆ ತರುತ್ತದೆ. ಯೂರಿಯಾ ಹೆಚ್ಚಾಗಿ ಪೈರು ಒತ್ತಾಗಿ ಬೆಳೆದ ಗದ್ದೆಯಲ್ಲಿ ಅದು ಹೇಗೆ ಹಬ್ಬುತ್ತದೆ ಎಂದು ಹರಿಹರ ಕಡೆಯ ರೈತರನ್ನು ಕೇಳಿದರೆ ಸಾಕು, ಮನೆಯಂಗಳಕ್ಕೂ ಅದೇ ಪಾಠ.

ನೀರು ನಿಂತ ಜಾಗದಲ್ಲಿ ಎಣ್ಣೆ ಸವರಿದಂತೆ ಕಪ್ಪಗಾಗಿ, ಬೆಳಗ್ಗೆ ಹತ್ತಿಯಂಥ ಬಿಳಿ ಎಳೆ ಕಂಡು, ಒಂದೆರಡು ದಿನದಲ್ಲೇ ಹುಲ್ಲು ಮಲಗಿಬಿಟ್ಟರೆ ಅದು ಪಿಥಿಯಂ. ಎಲ್ಲದರಲ್ಲೂ ಅವಸರದ್ದು ಇದೊಂದೇ. ಇನ್ನು ನಡೆದಾಡಿದಾಗ ಚಪ್ಪಲಿಗೆ ಇಟ್ಟಿಗೆ ಬಣ್ಣದ ಪುಡಿ ಅಂಟಿದರೆ ತುಕ್ಕು ರೋಗ. ನೆರಳಿನಲ್ಲಿ ನಿಧಾನವಾಗಿ ಬೆಳೆಯುವ ಮೆಕ್ಸಿಕನ್ ಹುಲ್ಲಿಗೆ ಹೆಚ್ಚು.

ಸಂಶಯವಿದ್ದರೆ ಮಚ್ಚೆಯ ಅಂಚಿನಿಂದ ಒಂದು ಹಿಡಿ ಹುಲ್ಲು ಕಿತ್ತು, ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಇಡಿ. ಬೆಳಗ್ಗೆ ಎಳೆಗಳು ಹಬ್ಬಿದ್ದರೆ ಬೂಷ್ಟು ಜೀವಂತವಾಗಿದೆ ಎನ್ನಬಹುದು. ಹುಲ್ಲನ್ನು ಎಳೆದಾಗ ಚಾಪೆಯಂತೆ ಎದ್ದು ಬಂದರೆ ಬೂಷ್ಟನ್ನು ಮರೆತು ಕೆಳಗೆ ಗೊಣ್ಣೆಹುಳು ಹುಡುಕಿ. ಬೇರು ತಿಂದದ್ದು ಅದು. ನಾಯಿಯ ಮೂತ್ರ ಬಿದ್ದ ಜಾಗವೂ ದುಂಡಗೆ ಒಣಗುತ್ತದೆ, ಆದರೆ ಅಂಚು ಕಡುಹಸಿರಾಗಿರುತ್ತದೆ.

ಮೊದಲ ದಾರಿ: ಕಿತ್ತು ಬಿಡುವುದು, ತೊಳೆಯುವುದು

ನಾಯಿಕೊಡೆ ಮತ್ತು ಲೋಳೆಬೂಷ್ಟು, ಇವೆರಡಕ್ಕೂ ಇದೇ ಸರಿಯಾದ ದಾರಿ. ಖರ್ಚಿಲ್ಲ, ಅಪಾಯವಿಲ್ಲ, ಇಳಿವಯಸ್ಸಿನವರೂ ಮಾಡಬಲ್ಲರು. ಕೊಡೆ ಅರಳುವ ಮುಂಚೆ, ಮೊಗ್ಗಿನಂತೆ ದುಂಡಗಿರುವಾಗಲೇ ಕೈಗವಸು ಹಾಕಿ ಕಿತ್ತು ಚೀಲಕ್ಕೆ ಹಾಕಿ. ಅರಳಿ ಬಿಟ್ಟರೆ ಬೀಜಕಣಗಳು ಗಾಳಿಗೆ ಹೋಗುತ್ತವೆ. ಆದರೆ ಒಂದನ್ನು ಒಪ್ಪಿಕೊಳ್ಳಬೇಕು: ಕೊಡೆ ಎಂಬುದು ಮಾವಿನ ಮರದ ಹಣ್ಣಿನಂತೆ, ಮರ ಮಣ್ಣಿನೊಳಗಿದೆ. ಕಿತ್ತದ್ದರಿಂದ ಮರ ಸಾಯುವುದಿಲ್ಲ. ಕಟ್ಟಿಗೆ ಕಳಿತು ಮುಗಿಯುವವರೆಗೆ ಕೆಲವು ವರ್ಷ ಮಳೆಗಾಲದಲ್ಲಿ ಬರುತ್ತದೆ, ಆಮೇಲೆ ತಾನಾಗಿ ನಿಲ್ಲುತ್ತದೆ. ಅಷ್ಟು ಕಾಯಲಾರದವರು ನನ್ನಂತೆ ಅಗೆಯಬಹುದು.

ಕೀಳಲೇಬೇಕಾದ ಕಾರಣ ಹುಲ್ಲಲ್ಲ, ಮಕ್ಕಳು. ನಮ್ಮ ಹುಲ್ಲುಹಾಸುಗಳಲ್ಲಿ ಏಳುವ ದೊಡ್ಡ ಬಿಳಿ ಕೊಡೆಗಳಲ್ಲಿ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಎಂಬುದೊಂದಿದೆ. ಮೇಲೆ ಕಂದು ಚಕ್ಕೆಗಳಿರುವ ಬಿಳಿ ಕೊಡೆ. ಬಲಿತ ಮೇಲೆ ಕೆಳಗಿನ ಮಡಿಕೆಗಳು ಹಸಿರು ಛಾಯೆಗೆ ತಿರುಗುತ್ತವೆ. ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ಭಯಂಕರ ವಾಂತಿ, ಭೇದಿ. ಎಳೆಯದಾಗಿದ್ದಾಗ ಮಡಿಕೆಗಳೂ ಬೆಳ್ಳಗೇ ಇರುವುದರಿಂದ ಹುತ್ತದ ಅಣಬೆ ತಿಂದು ಅಭ್ಯಾಸವಿರುವ ಮನೆಗಳಲ್ಲಿ ಮೋಸ ಹೋಗುವುದು ಸುಲಭ. ಅಂಗಳದಲ್ಲಿ ಎದ್ದ ಯಾವ ಅಣಬೆಯನ್ನೂ ಸಾರಿಗೆ ಹಾಕಬೇಡಿ. ಮಗು ಬಾಯಿಗಿಟ್ಟಿದ್ದು ಕಂಡರೆ ಲಕ್ಷಣಕ್ಕಾಗಿ ಕಾಯದೆ, ಉಳಿದ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿ. ತಡವಾಗಿ ಲಕ್ಷಣ ತೋರಿಸುವ ಅಣಬೆಗಳೇ ಹೆಚ್ಚು ಅಪಾಯಕಾರಿ.

ಎರಡನೆಯ ದಾರಿ: ನೀರು, ಕತ್ತರಿ, ಗೊಬ್ಬರಗಳನ್ನು ತಿದ್ದುವುದು

ನನ್ನನ್ನು ಒಂದೇ ದಾರಿ ಆರಿಸಿಕೊಳ್ಳಿ ಎಂದರೆ ಇದನ್ನೇ ಆರಿಸುತ್ತೇನೆ. ಹುಲ್ಲು ತಿನ್ನುವ ಎಲ್ಲ ಬೂಷ್ಟುಗಳಿಗೂ ಇದು ತಾಗುತ್ತದೆ, ಬೇರೆ ಯಾವ ದಾರಿ ಹಿಡಿದರೂ ಇದು ಜೊತೆಗಿರಲೇಬೇಕು.

ಕೆಲಸದಿಂದ ಮನೆಗೆ ಬಂದು ರಾತ್ರಿ ಏಳೆಂಟು ಗಂಟೆಗೆ ಪೈಪು ಹಿಡಿಯುವ ರೂಢಿ ನಮ್ಮಲ್ಲಿ ಬಹಳ. ದಣಿದ ಮನಸ್ಸಿಗೆ ಅದು ಹಿತ ಎಂಬುದನ್ನು ಬಲ್ಲೆ. ಆದರೆ ಆಗ ಒದ್ದೆಯಾದ ಎಲೆ ಬೆಳಗ್ಗೆ ಎಂಟರವರೆಗೆ ಒಣಗುವುದಿಲ್ಲ. ಬೂಷ್ಟಿನ ಬೀಜಕಣ ಮೊಳೆಯಲು ಹನ್ನೆರಡು ಗಂಟೆ ಧಾರಾಳವಾಯಿತು. ಅದೇ ನೀರನ್ನು ಬೆಳಗ್ಗೆ ಐದು, ಆರಕ್ಕೆ ಬಿಟ್ಟರೆ ಇಬ್ಬನಿಯೂ ತೊಳೆದು ಹೋಗುತ್ತದೆ, ಒಂಬತ್ತರ ಬಿಸಿಲಿಗೆ ಎಲೆ ಒಣಗುತ್ತದೆ. ದಿನವೂ ಚಿಮುಕಿಸುವ ಬದಲು ವಾರಕ್ಕೆ ಎರಡು ಸಲ ಆಳಕ್ಕೆ ಇಳಿಯುವಂತೆ ಬಿಡಿ. ಬೆಳೆಯುವ ಕಾಲದಲ್ಲಿ ವಾರಕ್ಕೆ ಒಟ್ಟು 25 ಮಿಲಿಮೀಟರ್ ಸಾಕು. ಮುನ್ನೂರು ಚದರಡಿಗೆ ಇದು ಸುಮಾರು 700 ಲೀಟರ್. ಸಾವಿರ ಲೀಟರಿನ ಟ್ಯಾಂಕಿನಲ್ಲಿ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ. ಅಂಗಳದಲ್ಲಿ ಒಂದು ಡಬ್ಬಿ ಇಟ್ಟು ಮಳೆಯನ್ನು ಅಳೆಯಿರಿ. ಮಳೆ ಅಷ್ಟು ಕೊಟ್ಟ ವಾರ ನಲ್ಲಿ ಮುಟ್ಟುವುದೇ ಬೇಡ.

ಕತ್ತರಿಸುವಾಗ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ, ಒದ್ದೆ ಹುಲ್ಲನ್ನು ಕತ್ತರಿಸಬೇಡಿ. ಮೊಂಡು ಅಲಗು ಎಲೆಯನ್ನು ಹರಿಯುತ್ತದೆ, ಹರಿದ ತುದಿಯೇ ಬೂಷ್ಟಿಗೆ ಬಾಗಿಲು. ಮನೆಮನೆಗೆ ಯಂತ್ರ ತರುವ ಮಾಲಿಯಾದರೆ ಅಲಗನ್ನು ಡೆಟಾಲ್ ನೀರಿನಲ್ಲಿ ಒರೆಸಿ ಶುರುಮಾಡಲು ವಿನಯದಿಂದ ಕೇಳಿ. ಪಕ್ಕದ ಬೀದಿಯ ರೋಗ ನಿಮ್ಮ ಅಂಗಳಕ್ಕೆ ಆ ಚಕ್ರಗಳಲ್ಲೇ ಬರುತ್ತದೆ.

ಗೊಬ್ಬರದ ವಿಷಯದಲ್ಲಿ ಮಚ್ಚೆಯನ್ನು ನೋಡಿ ನಿರ್ಧರಿಸಬೇಕು. ನಾಣ್ಯದಗಲದ ಮಚ್ಚೆ, ತುಕ್ಕು ಎರಡಕ್ಕೂ ಸ್ವಲ್ಪ ಯೂರಿಯಾ ಕೊಟ್ಟರೆ ಹುಲ್ಲು ರೋಗವನ್ನು ಮೀರಿ ಬೆಳೆಯುತ್ತದೆ. ಚದರ ಮೀಟರಿಗೆ 10 ಗ್ರಾಂ ಮೇಲಿನ ಮಿತಿ. ಮುನ್ನೂರು ಚದರಡಿಗೆ ಕಾಲು ಕೆಜಿ ಚಿಲ್ಲರೆ. ಮಳೆಗಾಲದಲ್ಲಿ ಅದರ ಅರ್ಧ ಸಾಕು. ದೊಡ್ಡ ಕಂದು ಮಚ್ಚೆ ಅಥವಾ ಪಿಥಿಯಂ ಇದ್ದರೆ ಒಂದು ಚಿಟಿಕೆಯನ್ನೂ ಹಾಕಬೇಡಿ, ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ.

ಈ ದಾರಿಯ ಕೊರತೆ ಒಂದೇ: ನಿಧಾನ. ಹತ್ತು ಹದಿನೈದು ದಿನದಲ್ಲಿ ಹರಡುವುದು ನಿಲ್ಲಬೇಕು, ತೇಪೆ ತುಂಬಲು ಒಂದೂವರೆ ತಿಂಗಳು ಬೇಕು.

ಮೂರನೆಯ ದಾರಿ: ಮಣ್ಣನ್ನು ಬಿಡಿಸುವುದು

ದಾವಣಗೆರೆಯ ಎರೆಮಣ್ಣಿನ ಮೇಲೆ ಮನೆ ಕಟ್ಟಿದವರಿಗೆ ಎರಡನೆಯ ದಾರಿಯೊಂದೇ ಸಾಲದು. ಎರೆ ಒದ್ದೆಯಾದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ನೀರು ಮೇಲೇ ನಿಲ್ಲುತ್ತದೆ. ಚಿತ್ರದುರ್ಗದ ಕಲ್ಲುಬೆರೆತ ಕೆಂಪುಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ, ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಎಲೆಯನ್ನೂ ಒಣಗಿಸುತ್ತದೆ. ದುರ್ಗದವರು ಈ ಭಾಗವನ್ನು ಓದದೆ ಮುಂದೆ ಹೋಗಬಹುದು, ಮನೆ ಕಟ್ಟಿದ ಕಸ ಹೂತಿರದಿದ್ದರೆ.

ಮಾಡಬೇಕಾದದ್ದು ಇಷ್ಟು. ಹುಲ್ಲು ಸ್ವಲ್ಪ ಹಸಿಯಾಗಿರುವಾಗ ಗೇಣಿಗೊಂದರಂತೆ ಮೂರ್ನಾಲ್ಕು ಅಂಗುಲ ಆಳಕ್ಕೆ ತೂತು ಮಾಡುವುದು. ಮಣ್ಣಿನ ಕಡ್ಡಿಯನ್ನೇ ಹೊರತೆಗೆಯುವ ಟೊಳ್ಳು ಕೊಳವೆ ಸಿಕ್ಕರೆ ಉತ್ತಮ, ಬರೀ ಚೂಪು ಸಲಾಕೆ ಎರೆಯನ್ನು ಪಕ್ಕಕ್ಕೆ ಒತ್ತಿ ಇನ್ನಷ್ಟು ಗಟ್ಟಿ ಮಾಡುತ್ತದೆ. ಆ ತೂತುಗಳಿಗೆ ದಪ್ಪ ಮರಳು ಮತ್ತು ಜರಡಿ ಹಿಡಿದ ಹಳೆಯ ಕೊಟ್ಟಿಗೆ ಗೊಬ್ಬರವನ್ನು ಸಮಪಾಲು ಬೆರೆಸಿ ಗುಡಿಸಿ ತುಂಬಬೇಕು. ಮುನ್ನೂರು ಚದರಡಿಗೆ ಅರ್ಧ ಸೆಂಟಿಮೀಟರ್ ದಪ್ಪ ಹರಡಲು ಸುಮಾರು 140 ಲೀಟರ್ ಮಿಶ್ರಣ ಬೇಕು. ಬರೀ ಮರಳನ್ನು ಎರೆಯ ಮೇಲೆ ಸುರಿದವರ ಅಂಗಳ ಬೇಸಿಗೆಯಲ್ಲಿ ಇಟ್ಟಿಗೆಯಂತಾದದ್ದನ್ನು ನೋಡಿದ್ದೇನೆ, ಗೊಬ್ಬರ ಬಿಡಬೇಡಿ. ನುಣ್ಣನೆಯ ಪುಡಿ ಹೆಚ್ಚಿರುವ ಎಂ-ಸ್ಯಾಂಡ್ ಕೂಡ ತೂತನ್ನು ಮುಚ್ಚಿಬಿಡುತ್ತದೆ.

ಇದು ಒಬ್ಬ ಆಳಿನ ಪೂರ್ತಿ ದಿನದ ಕೆಲಸ. ಬೆನ್ನುನೋವಿರುವವರು ಕೈಹಾಕುವಂಥದ್ದಲ್ಲ. ಆದರೆ ಒಮ್ಮೆ ಮಾಡಿದರೆ ಎರಡು ಮೂರು ವರ್ಷ ನೆಮ್ಮದಿ. ವರ್ತುಲದಲ್ಲಿ ಹುಲ್ಲು ಸಾಯುತ್ತಿರುವವರಿಗೂ ಇದೇ ಮದ್ದು: ತೂತು ಮಾಡಿ, ಅಂಟುವಾಳದ ನೊರೆನೀರನ್ನೋ ಒಂದು ಬಕೆಟ್ಟಿಗೆ ಒಂದೆರಡು ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರನ್ನೋ ಹೊಯ್ದು, ಹಿಂದೆಯೇ ಶುದ್ಧ ನೀರು ಬಿಟ್ಟರೆ ಬಿಗಿದ ಮಣ್ಣು ನೀರು ಕುಡಿಯಲು ಶುರುಮಾಡುತ್ತದೆ.

ನಾಲ್ಕನೆಯ ದಾರಿ: ಟ್ರೈಕೋಡರ್ಮ, ಸ್ಯೂಡೋಮೊನಾಸ್

ಅಡಿಕೆ, ಮೆಣಸು, ದಾಳಿಂಬೆ ಬೆಳೆಯುವವರ ಬಾಯಲ್ಲಿ ಈ ಹೆಸರುಗಳು ಈಗ ಮನೆಮಾತು. ಟ್ರೈಕೋಡರ್ಮ ಒಳ್ಳೆಯ ಶಿಲೀಂಧ್ರ, ಕೆಟ್ಟದ್ದನ್ನು ಸುತ್ತಿಕೊಂಡು ತಿನ್ನುತ್ತದೆ, ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ. ಮಕ್ಕಳಿರುವ ಮನೆಗೆ ಇವು ನನ್ನ ಮೆಚ್ಚಿನವು. 100 ಕೆಜಿ ಕೊಟ್ಟಿಗೆ ಗೊಬ್ಬರಕ್ಕೆ 1 ಕೆಜಿ ಟ್ರೈಕೋಡರ್ಮ ಎಂಬುದು ರೂಢಿಯ ಲೆಕ್ಕ. ಮುನ್ನೂರು ಚದರಡಿಗೆ 30 ಕೆಜಿ ಗೊಬ್ಬರ, 300 ಗ್ರಾಂ ಪುಡಿ ಸಾಕು. ನೆರಳಿನಲ್ಲಿ ರಾಶಿ ಹಾಕಿ, ಹಿಡಿದರೆ ಉಂಡೆಯಾಗುವಷ್ಟು ತೇವ ಇಟ್ಟು, ಗೋಣಿಚೀಲ ಹೊದಿಸಿ ಹದಿನೈದು ದಿನ ಬಿಟ್ಟರೆ ರಾಶಿಯಲ್ಲಿ ಹಸಿರು ಬೂಷ್ಟು ಕಾಣುತ್ತದೆ. ಅದನ್ನು ಹರಡಬೇಕು. ಸ್ಯೂಡೋಮೊನಾಸ್ ಪುಡಿಯನ್ನು ಲೀಟರಿಗೆ 10 ಗ್ರಾಂನಂತೆ ಕರಗಿಸಿ ಬಿಸಿಲಿಳಿದ ಮೇಲೆ ಸಿಂಪಡಿಸಬಹುದು.

ಇವು ಜೀವವಿರುವ ಸರಕು ಎಂಬುದನ್ನು ಅಂಗಡಿಯಲ್ಲೂ ಮನೆಯಲ್ಲೂ ಮರೆಯುತ್ತಾರೆ. ಬಿಸಿಲು ಬೀಳುವ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಪೊಟ್ಟಣದಲ್ಲಿ ಬರೀ ಬಿಳಿ ಪುಡಿ ಉಳಿದಿರುತ್ತದೆ. ತಾರೀಕು ನೋಡಿ, ಹೊಸದನ್ನೇ ಕೊಳ್ಳಿ. ಕಾರ್ಬೆಂಡಾಜಿಮ್ ಹೊಡೆದ ಹುಲ್ಲಿಗೆ ಹಿಂದೆಯೇ ಟ್ರೈಕೋಡರ್ಮ ಹಾಕಿದರೆ ಅದೂ ಸಾಯುತ್ತದೆ, ಎರಡರ ನಡುವೆ ಮೂರು ವಾರವಾದರೂ ಇರಲಿ. ಮತ್ತೆ, ಇದು ತಡೆಯುವ ಕಾವಲುಗಾರ. ಈಗಾಗಲೇ ಮೀಟರಗಲಕ್ಕೆ ಹಬ್ಬಿದ ಮಚ್ಚೆಯನ್ನು ವಾರದೊಳಗೆ ನಿಲ್ಲಿಸಲಿ ಎಂದು ಇದರ ಮೇಲೆ ಭಾರ ಹಾಕಬೇಡಿ.

ಮನೆಮದ್ದುಗಳ ಬಗ್ಗೆ ಎರಡು ಮಾತು ಸಾಕು. ಅಡುಗೆ ಸೋಡಾದ ಸೋಡಿಯಂ ಎರೆಮಣ್ಣಿನಲ್ಲಿ ಕೂತು ಅದನ್ನು ಇನ್ನಷ್ಟು ಕೆಡಿಸುತ್ತದೆ. ಸುಣ್ಣ ಹುಳಿಮಣ್ಣಿಗೆ ಹೊರತು ಮೊದಲೇ ಕ್ಷಾರವಿರುವ ನಮ್ಮ ಮಣ್ಣಿಗಲ್ಲ. ಉಪ್ಪು, ವಿನೆಗರ್, ಬ್ಲೀಚಿಂಗ್ ಪುಡಿ ಬೂಷ್ಟಿಗಿಂತ ಮೊದಲು ಹುಲ್ಲನ್ನು ಕೊಲ್ಲುತ್ತವೆ.

ಐದನೆಯ ದಾರಿ: ಶಿಲೀಂಧ್ರನಾಶಕ

ನಾನು ಔಷಧದ ವಿರೋಧಿಯಲ್ಲ. ಪಿಥಿಯಂ ಬಂದಾಗ, ಎರಡು ವಾರ ನೀರು ತಿದ್ದಿದ ಮೇಲೂ ಕಂದು ಮಚ್ಚೆ ಹಬ್ಬುತ್ತಲೇ ಇರುವಾಗ, ಸರಿಯಾದ ಔಷಧ ಸರಿಯಾದ ಸಲ ಬಿದ್ದರೆ ಹುಲ್ಲು ಉಳಿಯುತ್ತದೆ. ಸರಿಯಾದದ್ದು ಯಾವುದು ಎಂಬಲ್ಲೇ ಎಡವುವುದು. ಕಂದು ಮಚ್ಚೆಗೆ, ನಾಣ್ಯದ ಮಚ್ಚೆಗೆ ಕಾರ್ಬೆಂಡಾಜಿಮ್ ಅಥವಾ ಪ್ರೊಪಿಕೊನಜೋಲ್; ತುಕ್ಕಿಗೆ ಪ್ರೊಪಿಕೊನಜೋಲ್; ಬರುವ ಮುಂಚಿನ ತಡೆಗೆ ಮ್ಯಾಂಕೋಜೆಬ್. ಪಿಥಿಯಂ ನಿಜವಾದ ಶಿಲೀಂಧ್ರವಲ್ಲದ ಕಾರಣ ಕಾರ್ಬೆಂಡಾಜಿಮ್ ಅದನ್ನು ಮುಟ್ಟುವುದಿಲ್ಲ, ಮೆಟಲಾಕ್ಸಿಲ್ ಇರುವ ಔಷಧ ಬೇಕು. ನಾಯಿಕೊಡೆಗೆ ಇವು ಯಾವುದೂ ಪ್ರಯೋಜನವಿಲ್ಲ. ತೋಟದವರ ಮನೆಯಲ್ಲಿ ಬೋರ್ಡೋ ದ್ರಾವಣ ಕೈಗೆ ಸಿಗುತ್ತದೆಂದು ಅದನ್ನೇ ಹೊಡೆಯುವುದುಂಟು. ಅದರಲ್ಲಿರುವ ಮೈಲುತುತ್ತದ ತಾಮ್ರ ಎಳೆಯ ಹುಲ್ಲನ್ನು ಸುಡುತ್ತದೆ, ಮಣ್ಣಿನಲ್ಲಿ ಉಳಿದುಬಿಡುತ್ತದೆ. ಅಡಿಕೆಗೆ ಸರಿ, ಅಂಗಳಕ್ಕೆ ಬೇಡ.

ಬೆಳೆಗಳಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಲೀಟರಿಗೆ ಕಾರ್ಬೆಂಡಾಜಿಮ್ 1 ಗ್ರಾಂ, ಮ್ಯಾಂಕೋಜೆಬ್ 2 ಗ್ರಾಂ, ಪ್ರೊಪಿಕೊನಜೋಲ್ 1 ಮಿ.ಲೀ. ಮುನ್ನೂರು ಚದರಡಿಯ ಎಲೆ ನೆನೆಯಲು ಮೂರು ಲೀಟರ್ ದ್ರಾವಣ ಸಾಕು. ಎಂದರೆ ಒಂದು ಸಲಕ್ಕೆ ಮ್ಯಾಂಕೋಜೆಬ್ 6 ಗ್ರಾಂ. ನೂರು ಗ್ರಾಂನ ಪೊಟ್ಟಣ ಹದಿನಾರು ಸಲಕ್ಕೆ ಬರುತ್ತದೆ. ಕೆಜಿ ಪೊಟ್ಟಣ ಅಗ್ಗ ಎಂದು ಕೊಂಡು ಅಡುಗೆಮನೆಯ ಅಟ್ಟದಲ್ಲಿ ಇಡುವ ಅಗತ್ಯ ಯಾರಿಗೂ ಇಲ್ಲ. ಕೊಳ್ಳುವಾಗ ಪೊಟ್ಟಣದ ಮೇಲಿನ ತ್ರಿಕೋನ ನೋಡಿ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಎಂದು ಇಳಿಯುತ್ತದೆ. ಹಸಿರು ಎಂದರೆ ವಿಷವೇ ಇಲ್ಲ ಎಂದಲ್ಲ. ಎರಡನೆಯ ಸಿಂಪಡಣೆ ಬೇಕಾದರೆ ಹದಿನಾಲ್ಕು ದಿನ ಬಿಟ್ಟು, ಬೇರೆ ಗುಂಪಿನ ಔಷಧ ಹೊಡೆಯಿರಿ. ಹೆಕ್ಸಕೊನಜೋಲ್, ಪ್ರೊಪಿಕೊನಜೋಲ್ ಎರಡೂ ಒಂದೇ ಗುಂಪಿನವು. ಹೆಸರು ಬೇರೆ ಎಂದು ಬದಲಾಯಿಸಿದರೆ ಬದಲಾಯಿಸಿದಂತಾಗುವುದಿಲ್ಲ. ಈ ಗುಂಪಿನವನ್ನು ಬೇಸಿಗೆಯಲ್ಲಿ ಪದೇ ಪದೇ ಹೊಡೆದರೆ ಗರಿಕೆಯ ಬೆಳವಣಿಗೆಯೇ ಕುಗ್ಗುತ್ತದೆ.

ರೋಗ ಉಲ್ಬಣಿಸುವ ಭಾದ್ರಪದದಲ್ಲೇ ಗಣಪತಿಗೆ ಗರಿಕೆ ಕೀಳುವುದೂ ಇದೆ. ಔಷಧ ಬಿದ್ದ ಗರಿಕೆ ಪೂಜೆಗೂ ಬೇಡ, ಹಸುವಿಗೂ ಬೇಡ. ಹುಲ್ಲಿನ ನಡುವೆ ತಾನಾಗಿ ಹಬ್ಬಿದ ಒಂದೆಲಗದ ಚಟ್ನಿ ಮಾಡುವ ಮನೆಯಾದರೆ ಆ ವರ್ಷ ಅದನ್ನು ಬಿಟ್ಟುಬಿಡಿ. ಮಕ್ಕಳನ್ನು ಕನಿಷ್ಠ ಎರಡು ದಿನ ಹುಲ್ಲಿಗೆ ಬಿಡಬೇಡಿ.

ಆರನೆಯ ದಾರಿ: ಹುಲ್ಲನ್ನೇ ಬದಲಿಸುವುದು

ಖರ್ಚಿನಲ್ಲಿ ಎಲ್ಲಕ್ಕಿಂತ ಮೇಲಿನದು, ಆದರೂ ಕೆಲವು ಅಂಗಳಗಳಿಗೆ ಇದೇ ಪ್ರಾಮಾಣಿಕ ಉತ್ತರ. ಗರಿಕೆ ಜಾತಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಉತ್ತರದ ಕಡೆ ಎರಡಂತಸ್ತಿನ ಮನೆಯ ನೆರಳು, ಮೇಲೆ ಮಾವಿನ ಮರ, ಅಲ್ಲಿ ಗರಿಕೆ ಪ್ರತಿವರ್ಷ ಸಾಯುತ್ತದೆ, ಪ್ರತಿವರ್ಷ ನೀವು ಬೂಷ್ಟನ್ನು ಬೈಯುತ್ತೀರಿ. ಮೆಕ್ಸಿಕನ್ ಹುಲ್ಲು ಸ್ವಲ್ಪ ನೆರಳು ತಡೆಯುತ್ತದೆ, ಕತ್ತರಿಸುವ ಕೆಲಸವೂ ಕಡಿಮೆ; ಆದರೆ ದಟ್ಟವಾಗಿ ಮೆತ್ತೆ ಕಟ್ಟುವುದರಿಂದ ಒಳಗೆ ತೇವ ಉಳಿದು ಕಂದು ಮಚ್ಚೆ, ತುಕ್ಕು ಎರಡಕ್ಕೂ ಒಲಿಯುತ್ತದೆ. ನರ್ಸರಿಗಳಲ್ಲಿ ಬಫಲೋ ಎಂದು ಕರೆಯುವ ಅಗಲ ಎಲೆಯ ಹುಲ್ಲು ನೆರಳಿಗೆ ಒಳ್ಳೆಯದು, ನೀರು ಹೆಚ್ಚು ಕೇಳುತ್ತದೆ. ಪೂರ್ತಿ ನೆರಳಿನಲ್ಲಿ ಯಾವ ಹುಲ್ಲೂ ಬೇಡ. ಚಪ್ಪಡಿ ಕಲ್ಲುಗಳನ್ನು ಸಂದು ಬಿಟ್ಟು ಹಾಸಿ, ನಡುವೆ ಒಂದೆಲಗ ಬಿಟ್ಟರೆ ಕಣ್ಣಿಗೂ ತಂಪು, ಅಡುಗೆಗೂ ಬರುತ್ತದೆ.

ಯಾರಿಗೆ ಯಾವುದು

ಚಿಕ್ಕ ಮಕ್ಕಳು, ಸಾಕುನಾಯಿ ಇರುವ ಮನೆಯವರು ಒಂದನೆಯ, ಎರಡನೆಯ, ನಾಲ್ಕನೆಯ ದಾರಿಗಳನ್ನು ಕೂಡಿಸಿ, ಔಷಧವನ್ನು ಪಿಥಿಯಂಗೆ ಮಾತ್ರ ಕಾಯ್ದಿಡಿ. ಬಾಡಿಗೆ ಮನೆಯಲ್ಲಿರುವವರು ನೀರಿನ ಹೊತ್ತು ಬದಲಿಸಿ, ಅಲ್ಲಿಗೆ ನಿಲ್ಲಿಸಿ. ಇನ್ನೊಬ್ಬರ ಮಣ್ಣಿಗೆ ಮರಳು ಹೊರುವ ಅಗತ್ಯವಿಲ್ಲ. ಎರೆಯ ಮೇಲೆ ಸ್ವಂತ ಮನೆ ಕಟ್ಟಿದವರಿಗೆ, ಈ ವರ್ಷ ಒಂದೇ ಖರ್ಚು ಮಾಡುವುದಾದರೆ ಮೂರನೆಯ ದಾರಿಗೆ ಮಾಡಿ ಎನ್ನುತ್ತೇನೆ. ಮಗಳ ಮದುವೆಗೆ ಇಪ್ಪತ್ತು ದಿನವಿದೆ, ಅಂಗಳದಲ್ಲಿ ಶಾಮಿಯಾನ ಹಾಕಬೇಕು ಎನ್ನುವವರು ಇಂದೇ ಒಂದು ಸಲ ಔಷಧ ಹೊಡೆದು ರೋಗ ನಿಲ್ಲಿಸಬಹುದು. ಆದರೆ ಸತ್ತ ಎಲೆಯನ್ನು ಯಾವ ಔಷಧವೂ ಹಸಿರು ಮಾಡುವುದಿಲ್ಲ. ಆ ತೇಪೆಗಳನ್ನು ಕತ್ತರಿಸಿ ತೆಗೆದು ನರ್ಸರಿಯಿಂದ ಹುಲ್ಲಿನ ಚಾಪೆ ತಂದು ಕೂರಿಸುವುದೇ ಸರಿ.

ಮಚ್ಚೆ ಯಾವುದೆಂದು ಗೊತ್ತಾಗದಿದ್ದರೆ ಊಹೆಯಿಂದ ಬಾಟಲಿ ಕೊಳ್ಳಬೇಡಿ. ಮಚ್ಚೆಯ ಅಂಚಿನಿಂದ, ಅರ್ಧ ಹಸಿರು ಅರ್ಧ ಕಂದು ಇರುವಂತೆ, ಬೇರು ಮಣ್ಣು ಸಮೇತ ಒಂದು ತುಂಡು ಅಗೆದು ಕಾಗದದಲ್ಲಿ ಸುತ್ತಿ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ, ಚಿತ್ರದುರ್ಗ ಜಿಲ್ಲೆಯವರಾದರೆ ಹಿರಿಯೂರಿನ ಬಬ್ಬೂರು ಫಾರಂನ ಕೇಂದ್ರಕ್ಕೋ ಒಯ್ದು ತೋರಿಸಿ. ಪೂರ್ತಿ ಸತ್ತ ಹುಲ್ಲನ್ನು ಒಯ್ದರೆ ಅವರಿಗೂ ಏನೂ ಕಾಣುವುದಿಲ್ಲ.

ಈ ವರ್ಷದ ಹಸ್ತ, ಚಿತ್ತೆ ಮಳೆಗಳು ಕಳೆಯುವವರೆಗೆ ಬೆಳಗಿನ ನೀರು, ಕೈಯಲ್ಲಿ ಕೀಳುವುದು ಇಷ್ಟೇ ಇರಲಿ. ಅಗೆಯುವುದು, ತೂತು ಮಾಡುವುದು ಮೇ ತಿಂಗಳಿಗೆ. ಟ್ರೈಕೋಡರ್ಮದ ರಾಶಿಯನ್ನು ರೋಹಿಣಿ ಮಳೆಯ ಆರಂಭದಲ್ಲಿ ಕಲಸಿಟ್ಟರೆ ಮೃಗಶಿರದ ಮೊದಲ ಹನಿ ಬೀಳುವ ಹೊತ್ತಿಗೆ ಹರಡಲು ಸಿದ್ಧವಾಗಿರುತ್ತದೆ.